ಕೈ ನೆನೆಸುವ ಮುನ್ನ

ಮಾರಂಡಹಳ್ಳಿಯಿಂದ ಪಾಲಕೋಡಿಗೆ ಹೋಗುವ ದಾರಿಯಲ್ಲಿ, ಹಸಿರು ನೆರಳುಬಲೆಯ ಕೆಳಗೆ ಟಮಾಟೊ ಸಸಿ ಬೆಳೆಸಿ ಮಾರುವ ಗಂಗಾಲಕ್ಷ್ಮಿಯನ್ನು ಸುತ್ತಲಿನ ರೈತರೆಲ್ಲ ಬಲ್ಲರು. ಸಸಿ ಸೊರಗಿದರೆ ಬೇರೆ ಟ್ರೇ ಕೊಡುತ್ತಾಳೆ; ಹೊಲ ಹದವಾಗಿಲ್ಲವೆಂದು ತಿಳಿದರೆ ‘ಇನ್ನೊಂದು ವಾರ ಬಿಟ್ಟು ಬಾ’ ಎಂದು ಬಂದವರನ್ನೇ ವಾಪಸು ಕಳಿಸುತ್ತಾಳೆ. ಆ ನಂಬಿಕೆಯ ಮೇಲೇ ಸೇಲಂನ ದೊಡ್ಡದೊಂದು ಬೀಜದ ಕಂಪನಿಯ ಕಣ್ಣು ಬಿದ್ದಿತ್ತು. ನರ್ಸರಿ ಅವರದಾಗಬೇಕು, ಬೋರ್ಡೂ ಅವರದೇ ಆಗಬೇಕು, ಗಂಗಾಲಕ್ಷ್ಮಿ ಸಂಬಳಕ್ಕೆ ಅಲ್ಲೇ ಇರಬೇಕು.

ಕಂಪನಿಯಿಂದ ಬರುತ್ತಿದ್ದ ಶೇಖರ್ ಕೆಟ್ಟವನೇನಲ್ಲ. ಧರ್ಮಪುರಿ ಕಡೆಯವನು, ಮನೆಮಾತು ಕನ್ನಡವೇ. ಮೊದಲ ಸಲ ‘ಮೇಡಂ’ ಎಂದವನು ಮುಂದಿನ ಸಲಕ್ಕೆ ‘ಅಕ್ಕಾ’ ಎಂದ. ಅವಳ ಗಂಡ ಮುನಿಕೃಷ್ಣಪ್ಪ ತಾನಾಗಿಯೇ ‘ಭಾವ’ ಆದ. ಭಾವನ ಜೊತೆ ಟೀ ಅಂಗಡಿಯಲ್ಲಿ ಕೂತ. ಹರೂರಿಗೆ ಹೋಗಿ ಅವಳ ಅಣ್ಣನನ್ನು ಕಂಡು ಬಂದ. ಟ್ರೇಗೆ ಬೀಜ ಹಾಕುವ ಮೇನಕಾಳನ್ನು ‘ಕಂಪನಿಗೆ ಬರ್ತೀಯಾ’ ಎಂದು ಕೇಳಿದ. ಗಂಗಾಲಕ್ಷ್ಮಿಗೆ ಮಾತ್ರ, “ಹೂಂ ಅನ್ನಕ್ಕಾ, ಎಲ್ಲಾ ಸರಿಯಾಗೈತೆ” ಎಂದ.

ಆ ಭಾನುವಾರ ತಟ್ಟೆಯಲ್ಲಿ ಹಣ್ಣು, ಹೂವು ಇಟ್ಟುಕೊಂಡೇ ಬಂದ.

“ಎಣ್ಣು ನೋಡಕ್ಕೆ ಬಂದಂಗೈತಲ್ಲಲಾ!” ಜಗಲಿಯ ಮೇಲಿದ್ದ ಅತ್ತೆ ದೊಡ್ಡಮುನಿಯಮ್ಮ ನಕ್ಕಳು. “ನಮ್ಮಲ್ಲಿ ಮಾತು ಮುಗಿಯೋಗಂಟ ಕೈ ನೆನೆಸಂಗಿಲ್ಲ, ಗೊತ್ತಾ? ಉಂಡ್ರೆ ಸಂಬಂಧ ಒಪ್ಪಿದಂಗೆ.”

“ಅದಕ್ಕೇ ಊಟಕ್ಕೆ ಕರ್ದಿರೋದು” ಎಂದ ಮುನಿಕೃಷ್ಣಪ್ಪ. “ಗಂಗಾ, ಎಲೆ ಆಕು!”

ಒಳಗೆ ಒಲೆಯ ಮುಂದಿದ್ದ ಗಂಗಾಲಕ್ಷ್ಮಿಗೆ ತವರಿನ ಅಡುಗೆಮನೆ ಕಣ್ಣಿಗೆ ಕಟ್ಟಿತು. ಅಂದು ಅವಳು ಬಾಗಿಲ ಹಿಂದೆ ನಿಂತಿದ್ದಳು. ಹೊರಗೆ ಚೊಂಬಿನಿಂದ ನೀರು ಸುರಿದ ಸದ್ದಾಯಿತು. ಗಂಡಿನ ಕಡೆಯವರು ಕೈ ತೊಳೆದು ಊಟಕ್ಕೆ ಕೂತರು. ತನ್ನ ಮದುವೆ ಗೊತ್ತಾದದ್ದು ಅವಳಿಗೆ ತಿಳಿದಿದ್ದು ಹಾಗೆ. ಯಾರೂ ಬಂದು ಹೇಳಲಿಲ್ಲ, ಕೇಳುವ ಮಾತಂತೂ ದೂರವೇ. ಗಂಡ ಒಳ್ಳೆಯವನೇ ಸಿಕ್ಕಿದ, ಅದು ಬೇರೆ. ಆದರೆ ತನ್ನ ಬಾಯಿಂದ ‘ಬೇಕು’ ಎಂದು ಹೇಳಿ ಅವಳು ಪಡೆದದ್ದು ಈ ನರ್ಸರಿ ಒಂದನ್ನೇ.

ಒಲೆ ಆರಿಸಿ ಹೊರಗೆ ಬಂದಳು.

“ಎಲೆ ಆಮೇಲೆ. ಶೇಖರ್, ಇವರನ್ನ ಕೇಳ್ದೆ, ನಮ್ಮಣ್ಣನ್ನ ಕೇಳ್ದೆ, ಮೇನಕಾನ್ನೂ ಕೇಳ್ದೆ. ನನ್ನ ಕೇಳ್ದ್ಯಾ?”

“ನಿಮ್ಮತ್ರ ತಾನೇ ಅಕ್ಕಾ ಇಷ್ಟು ದಿನ ಮಾತಾಡಿದ್ದು...”

“ಹೂಂ ಅನ್ನು ಅಂದೆ. ಅದು ಕೇಳೋದಲ್ಲ. ಬ್ಯಾಡ ಅನ್ನಕ್ಕೂ ಜಾಗ ಬಿಟ್ಟು ಕೇಳು.”

ಶೇಖರ್ ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತ.

“ಈ ನರ್ಸರೀನ ನಮ್ಮ ಕಂಪನಿಗೆ ಕೊಡಕ್ಕೆ ನಿಮಗೆ ಇಷ್ಟ ಐತಾ, ಅಕ್ಕಾ?”

“ಇಲ್ಲಪ್ಪ.”

ಮುನಿಕೃಷ್ಣಪ್ಪ ಬಾಯಿ ತೆರೆದ. “ಸುಮ್ಕಿರಲಾ, ಕೇಳಿದ್ದು ಅವಳ್ನ” ಎಂದು ತಾಯಿ ಗದರಿದಳು.

“ಪರವಾಯಿಲ್ಲೆ ಅಕ್ಕಾ. ಆಫೀಸಲ್ಲಿ ಹೇಳ್ತೀನಿ. ನಿಮ್ಮಣ್ಣನತ್ರ ಓಗಲ್ಲ, ಮೇನಕಾನ್ನೂ ಕರಿಯಲ್ಲ” ಎಂದು ಶೇಖರ್ ಚಪ್ಪಲಿ ಮೆಟ್ಟಿದ.

“ಎಲ್ಲಿಗೆ? ಊಟ?” ಎಂದಳು ಗಂಗಾಲಕ್ಷ್ಮಿ.

“ಬ್ಯಾಡ ಅಂದ ಮನೇಲಿ ಹೆಂಗಕ್ಕಾ ಕೈ ನೆನೆಸೋದು?”

“ಮಾತು ಮುಗೀತಲ್ಲ. ಈಗ ಇದು ಬರೀ ಊಟ.”

“ಕೂತ್ಕಳಲಾ!” ಎಂದಳು ದೊಡ್ಡಮುನಿಯಮ್ಮ. “ಇವಳಪ್ಪನ ಮನೇಲಿ ಉರುಳಿಸಾರಿನ ವಾಸ್ನೆ ತಡೀಲಾರ್ದೆ ನಾನೇ ಬಿರ್ರನೆ ಒಪ್ಕೊಂಡ್ಬಿಟ್ಟೆ. ಎಣ್ಣಿನ ಮಕ ಕೂಡ ಸರಿಯಾಗಿ ನೋಡ್ಲಿಲ್ಲ!”

ಶೇಖರ್ ನಗುತ್ತಲೇ ಎರಡು ಮುದ್ದೆ ಉಂಡು ಹೋದ.

ಸಂಜೆ ಗಂಗಾಲಕ್ಷ್ಮಿ ಟ್ರೇಗಳಿಗೆ ನೀರು ಚಿಮುಕಿಸುತ್ತಿದ್ದಾಗ ಮುನಿಕೃಷ್ಣಪ್ಪ ಬಂದು ಕಂಬಕ್ಕೆ ಒರಗಿದ. ಅವಳು ಬೇಡ ಅಂದದ್ದರ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೆ ಅದರ ಅಡಿಯಲ್ಲಿ ಬೇರೇನೋ ಕೊರೆಯುತ್ತಿತ್ತು.

“ಅಮ್ಮ ಸಾರಿಗೆ ಒಪ್ಕೊಂಡ್ಳು. ನೀನು?”

“ನನ್ನ ಯಾರು ಕೇಳಿದ್ರು?”

ಅವನು ನರೆತ ಮೀಸೆಯ ಮೇಲೆ ಕೈಯಾಡಿಸಿಕೊಂಡು, ಸಂಕೋಚದಿಂದಲೇ ಅಂದ:

“ಈಗ ನಾನು ಕೇಳ್ತೀನಿ. ನಾನು ನಿಂಗೆ ಇಷ್ಟಾನಾ?”

ಅವಳಿಗೆ ನಗು ಬಂತು. ತಡೆದುಕೊಂಡಳು.

“ಯೋಚ್ನೆ ಮಾಡಿ ಹೇಳ್ತೀನಿ.”

“ಆಗಲಿ. ನಿಧಾನವಾಗೇ ಹೇಳು” ಎಂದು ಅವನು ಇನ್ನೊಂದು ನೀರಿನ ಡಬ್ಬ ತುಂಬಿಕೊಂಡು, ಆಚೆ ತುದಿಯ ಸಾಲಿಗೆ ಹೋದ.