ಓಡದ ಟೇಪು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಧ್ವನಿ ಹಿಡಿಯುವ ಕೆಲಸ ಮಾಡಿದವನು. ಕೆಮ್ಮು ಕೇಳಿಯೇ ಇಂಥವರು ಬಂದರು ಎಂದು ಹೇಳುವಷ್ಟು ಕಿವಿ ಚುರುಕು. ಬಾಯಿ ಅದಕ್ಕಿಂತ ಚುರುಕು. ಯಾರು ಎಲ್ಲಿ ತಪ್ಪಿದರೂ ನಾಲ್ಕು ಜನರ ಮುಂದೆಯೇ ನೀರಿಳಿಸಿಬಿಡುತ್ತಿದ್ದ. ಅಂಥವನು ಆ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಎರಡನೇ ನಂಬರಿನ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕದ್ದವನ ಹಾಗೆ ಕೂತಿದ್ದ. ಡಿಜಿಟಲ್ ಟೇಪ್ ಡೆಕ್ಕಿನಲ್ಲಿ ಪುಟ್ಟ ಕ್ಯಾಸೆಟ್ಟು ಓಡುತ್ತಿತ್ತು. ಸಮಯ ತೋರಿಸಬೇಕಾದ ಜಾಗದಲ್ಲಿ ಬರೀ ಅಡ್ಡಗೆರೆಗಳು. ಟೇಪಿನಲ್ಲಿ ಏನೂ ಇರಲಿಲ್ಲ.

ಅದರಲ್ಲಿ ಅವನ ಅಕ್ಕನ ದನಿ ಇರಬೇಕಿತ್ತು.

ಅಕ್ಕ ಎಂದರೆ ಸಾಮಾನ್ಯಳಲ್ಲ. ಮೂವತ್ತೊಂದು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಊರಿಗೆಲ್ಲ ಹೇಳಿದವಳು. ಅವಳ ಮುಖ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು. ತರಕಾರಿ ಅಂಗಡಿಯಲ್ಲಿ ಬೆಲೆ ಕೇಳಿದರೂ ಜನ ತಿರುಗಿ ನೋಡುತ್ತಿದ್ದರು. ಆ ಗಂಟಲಿಗೇ ರೋಗ ಬಂತು. ಶನಿವಾರ ಬೆಳಿಗ್ಗೆ ಆಪರೇಷನ್. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು. ಅಕ್ಕನ ಮಗಳು ಏಳು ತಿಂಗಳ ಬಸುರಿ.

"ಮಗು ಬರೋ ಹೊತ್ತಿಗೆ ಅಜ್ಜಿ ಬಾಯಿಗೆ ಬೀಗ. ಅಜ್ಜಿ ಗಂಟಲು ಹೇಗಿತ್ತು ಅಂತ ಅದಕ್ಕೆ ಗೊತ್ತಾಗೋದು ಬೇಡ್ವೇನೋ?" ಎಂದು ಅಕ್ಕ ಕೇಳಿದ್ದಳು.

"ನನಗೆ ಬಿಟ್ಟುಬಿಡಕ್ಕ," ಎಂದು ಇವನು ಎದೆಯುಬ್ಬಿಸಿದ್ದ. "ಸ್ಟುಡಿಯೋದ ಹೊಸ ಡಿಜಿಟಲ್ ಡೆಕ್ಕನ್ನೇ ಮನೆಗೆ ತರ್ತೀನಿ. ಐವತ್ತು ವರ್ಷ ಆದ್ಮೇಲೂ ನೀನು ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುತ್ತೆ."

ತಂದ. ಗುರುವಾರ ಬೆಳಿಗ್ಗೆ ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟ. ಅಬ್ಬಾ, ಅವನ ಠೀವಿಯೇ ಠೀವಿ! ಪಾಪ, ಭಾವ ಒಳ್ಳೆಯ ಮನಸ್ಸಿನಿಂದ ಕೆಳಗೊಂದು ಮೆತ್ತನೆ ಕಂಬಳಿ ಹಾಸಿದರೆ, "ತೆಗೀರಿ ಭಾವ, ಕೆಳಗೆ ಗಾಳಿಯಾಡ್ಬೇಕು, ಬಿಸಿಯಾಗಿ ಸುಟ್ಟುಹೋಗುತ್ತೆ" ಎಂದು ಗದರಿದ. ವೈರು ಹಿಡಿದು ಎಳೆಯಬಾರದು, ಪ್ಲಗ್ಗು ಹಿಡಿಯಬೇಕು ಎಂದ. ಕಿಟಕಿಯ ಬಿಸಿಲು ಬೀಳಬಾರದೆಂದು ಪರದೆ ಎಳೆಸಿದ. ಸ್ಟುಡಿಯೋದ ಏಸಿಯಿಂದ ಬಿಸಿ ಅಡುಗೆಮನೆಗೆ ಬಂದ ಯಂತ್ರದ ಒಳಗೆ ತೇವ ಕೂತಿರುತ್ತದೆ, ಆಗ ಟೇಪು ಹಾಕಿದರೆ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಹರಿದುಹೋಗುತ್ತದೆ ಎಂದು ಒಂದು ಗಂಟೆ ಎಲ್ಲರನ್ನೂ ಕಾಯಿಸಿದ. ಎಲ್ಲವೂ ಸರಿಯೇ, ಒಂದರಲ್ಲೂ ತಪ್ಪಿರಲಿಲ್ಲ. ಆಮೇಲೆ ಕ್ಯಾಸೆಟ್ಟು ತೂರಿಸಿ, ಕೆಂಪು ಗುಂಡಿ ಒತ್ತಿದ. ಕೆಂಪು ದೀಪ ಬಂತು. ಅಕ್ಕ "ಹಲೋ" ಎಂದ ಕೂಡಲೇ ಹಸಿರು ದೀಪಗಳ ಸಾಲು ಎದ್ದು ಕುಣಿಯಿತು.

"ನೋಡಿ ಭಾವ, ಹೇಗೆ ಕುಣೀತಿದೆ!" ಎಂದ.

ಅಕ್ಕ ನಲವತ್ತು ನಿಮಿಷ ಮಾತಾಡಿದಳು. ನಡುನಡುವೆ ಬಿಸಿನೀರು ಕುಡಿದಳು. ಪ್ಲಾಟ್‌ಫಾರ್ಮ್ ಬಿಟ್ಟು ಹೊರಡಲು ಹಟ ಮಾಡುವ ಎಂಜಿನ್ನಿನ ಕಥೆ ಹೇಳಿದಳು. ಇನ್ನೂ ಹುಟ್ಟದ ಮೊಮ್ಮಗುವನ್ನು ಊಟಕ್ಕೆ ಕರೆದಳು, ನಿದ್ದೆಯಿಂದ ಎಬ್ಬಿಸಿದಳು. ಕೊನೆಗೆ ಬೈಗುಳಗಳನ್ನೂ ಮುಂಗಡ ಕೊಟ್ಟಳು. ಐದು ವರ್ಷಕ್ಕೆ ಒಂದು, ಹತ್ತಕ್ಕೊಂದು, ಹದಿನೈದಕ್ಕೊಂದು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನು ಹೆಡ್‌ಫೋನಿನಲ್ಲಿ ಕೇಳುತ್ತ ಕಣ್ಣು ಮುಚ್ಚಿಕೊಂಡು ಗಳಗಳನೆ ಅತ್ತ. ಮುಗಿಯುವ ಹೊತ್ತಿಗೆ ಅಕ್ಕನ ದನಿ ಎಳೆಯಷ್ಟಾಗಿತ್ತು.

ಆ ಡೆಕ್ಕಿನಲ್ಲಿ ಕೆಂಪು ಗುಂಡಿ ಒತ್ತಿದರೆ ಯಂತ್ರ ಸಿದ್ಧವಾಗಿ ನಿಲ್ಲುತ್ತದೆ, ಅಷ್ಟೆ. ದೀಪಗಳು ಕುಣಿಯುತ್ತವೆ, ಹೆಡ್‌ಫೋನಿನಲ್ಲಿ ದನಿ ಕೇಳುತ್ತದೆ, ಟೇಪು ಮಾತ್ರ ಓಡುವುದಿಲ್ಲ. ಓಡಬೇಕಾದರೆ ಪ್ಲೇ ಗುಂಡಿಯನ್ನೂ ಒತ್ತಬೇಕು. ಸ್ಟುಡಿಯೋದಲ್ಲಿ ಮೇಜಿನ ಮೇಲಿನ ಒಂದೇ ಗುಂಡಿ ಎರಡೂ ಕೆಲಸ ಮಾಡುತ್ತಿತ್ತು. ಹಳೆಯ ಯಂತ್ರಗಳಲ್ಲಾದರೆ ದೊಡ್ಡ ಚಕ್ರಗಳು ಕಣ್ಣೆದುರೇ ತಿರುಗುತ್ತಿದ್ದವು, ನಿಂತರೆ ಕುರುಡನಿಗೂ ಗೊತ್ತಾಗುತ್ತಿತ್ತು. ಇಲ್ಲಿ ಸಮಯದ ಅಂಕಿ ತೋರಿಸುವ ಕೌಂಟರ್ ನೋಡಬೇಕು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದೆಲ್ಲ ಬರೆದಿತ್ತು. ಉಸ್ತಾದರು ಆ ಪುಸ್ತಕದ ಮೇಲೆ ಆರು ತಿಂಗಳಿಂದ ಟೀ ಲೋಟ ಇಡುತ್ತಿದ್ದರು.

ಪುಸ್ತಕ ಹಾಳಾಗಿ ಹೋಗಲಿ, ಡೆಕ್ಕಿನ ಮೇಲೇ ಒಂದು ಚೀಟಿ ಇತ್ತು. ಟೇಪ್ ಲೈಬ್ರರಿ ನೋಡಿಕೊಳ್ಳುವ ಹೆಂಗಸು ಅಂಟಿಸಿದ್ದು. ಕಂಡದ್ದಕ್ಕೆಲ್ಲ ಚೀಟಿ ಅಂಟಿಸುತ್ತಾಳೆಂದು ಅವಳಿಗೆ ಲೇಬಲ್ಲಮ್ಮ ಎಂದು ಹೆಸರಿಟ್ಟವನೇ ಇವನು. "ಕೆಂಪು ಒತ್ತಿ, ನಂತರ ಪ್ಲೇ ಒತ್ತಿ, ಕೌಂಟರ್ ಓಡುತ್ತಿದೆಯೇ ನೋಡಿ" ಎಂದು ದುಂಡಗೆ ಬರೆದಿದ್ದಳು. "ನನಗೇ ಪಾಠ ಹೇಳೋಕೆ ಬಂದ್ಯೇನಮ್ಮ?" ಎಂದು ಎಲ್ಲರೆದುರು ಅದನ್ನು ಉಗುರಿನಿಂದ ಕಿತ್ತು ಹಾಕಿದ್ದ. ಅಂಟಿನ ಗುರುತು ಇನ್ನೂ ಇತ್ತು. ಈಗ ಅದರ ಮೇಲೆ ಬೆರಳಾಡಿಸುತ್ತ ಕೂತವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಹೊತ್ತು ಮೀರಿರಲಿಲ್ಲ. ಆಪರೇಷನ್ ನಾಳೆ. ಒಂದು ರಾತ್ರಿ ಸುಮ್ಮನಿದ್ದ ಗಂಟಲು ಸ್ವಲ್ಪ ಚೇತರಿಸಿಕೊಂಡಿರುತ್ತದೆ. ಈಗಲೇ ಹೇಳಿದರೆ ಮತ್ತೆ ಹಿಡಿಯಬಹುದು. ಫೋನು ಎತ್ತಿದ. ಆ ಕಡೆ ಭಾವ ಎತ್ತಿಕೊಂಡರು.

"ಭಾವ, ನಿನ್ನೆದು ಬಂದಿಲ್ಲ."

"ಅಯ್ಯೋ! ಯಾಕೋ?"

ಇಷ್ಟೇ ಕೇಳಿದ್ದು. ಬೈದಿರಲಿಲ್ಲ, ಗದರಿರಲಿಲ್ಲ. ಆದರೂ ಇವನ ನಾಲಿಗೆ ತಾನಾಗಿ ಹೊರಳಿತು. "ಟೇಪು ಕೈಕೊಡ್ತು. ಲೈಬ್ರರಿಯವಳು ಹಾಳು ಟೇಪು ಕೊಟ್ಟುಬಿಟ್ಟಿದ್ದಾಳೆ. ಜವಾಬ್ದಾರಿ ಅನ್ನೋದೇ ಇಲ್ಲ ಇವರಿಗೆ."

"ಹಾಳಾದೋಳು! ಇವತ್ತು ಹನ್ನೆರಡಕ್ಕೆ ನಿಮ್ಮಕ್ಕನ್ನ ಅಡ್ಮಿಟ್ ಮಾಡ್ಕೋತಾರೆ. ಮೂರರಿಂದ ಐದರವರೆಗೆ ನೋಡೋಕೆ ಬಿಡ್ತಾರಂತೆ. ಯಂತ್ರ ತಗೊಂಡು ಅಲ್ಲಿಗೇ ಬಾ."

ಫೋನು ಇಟ್ಟಾಗ, ನಾಚಿಕೆಗೇಡು, ಅವನಿಗೆ ಹಗುರವೇ ಆಯಿತು. ಹೊಸ ಟೇಪು ಕೇಳಲು ಲೈಬ್ರರಿಗೆ ಹೋದ. ಲೇಬಲ್ಲಮ್ಮ ಒಂದರ ಬದಲು ಎರಡು ಕೊಟ್ಟಳು. "ಒಂದು ಹೆಚ್ಚಿಗೆ ಇಟ್ಕೊಳ್ಳಿ ಸಾರ್. ಅಕ್ಕಂದು ಚೆನ್ನಾಗಿ ಬಂತಾ?"

"ಹ್ಞೂಂ," ಎಂದ, ಅವಳ ಮುಖ ನೋಡದೆ.

ಮಧ್ಯಾಹ್ನದ ಕೆಲಸ ಮುಗಿಸಿ ಡೆಕ್ಕನ್ನು ಹೊತ್ತು ಅವಳ ಬಾಗಿಲ ಮುಂದೆಯೇ ಹಾದುಹೋದಾಗ ಅವಳು ತಲೆ ಎತ್ತಲಿಲ್ಲ. ಸದ್ಯ, ಒಳ್ಳೆಯದೇ ಆಯಿತು ಅಂದುಕೊಂಡ.

ಆಸ್ಪತ್ರೆಯ ಕೋಣೆ ಕಾದ ಬಾಣಲೆಯ ಹಾಗಿತ್ತು. ಫ್ಯಾನು ಗಿರಗಿರ ಅನ್ನುತ್ತಿತ್ತು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. "ಬಂದ್ಯಾ?" ಎಂದಳು. ಬಂದದ್ದು ದನಿಯಲ್ಲ, ಬರೀ ಗಾಳಿ. ಡೆಕ್ಕಿಗೆ ಕರೆಂಟು ಕೊಟ್ಟ. ಒಳಗೆ ತೇವ ಕೂತಿದೆ ಎಂದು ತೋರಿಸುವ ದೀಪ ಹತ್ತಿಕೊಂಡಿತು. ಅದು ಆರುವವರೆಗೆ ಟೇಪು ಹಾಕುವ ಹಾಗಿಲ್ಲ, ಕಡಿಮೆಯೆಂದರೂ ಒಂದು ಗಂಟೆ. ಆಗ ಮೂರೂಕಾಲು.

"ಯಾಕಕ್ಕ ಗಂಟಲು ಇಷ್ಟು ಕಟ್ಟಿದೆ? ಬೆಳಿಗ್ಗೆ ಸುಮ್ಮನಿರಲಿಲ್ವಾ?"

ಉತ್ತರ ಕೊಟ್ಟದ್ದು ಭಾವ. "ಎಲ್ಲಿ ಸುಮ್ಮನಿದ್ಲು! ಎದ್ದಾಗ ದನಿ ಎಷ್ಟು ಚೆನ್ನಾಗಿತ್ತು ಗೊತ್ತಾ? ನಿನ್ನ ವಿಷಯ ಹೇಳಿದ್ದೇ ತಡ, ಸ್ಟುಡಿಯೋಗೆ ಫೋನ್ ಮಾಡಿ ಆ ಟೇಪಿನವಳನ್ನ ಲೈನಿಗೆ ಕರೆಸಿದ್ಲು. ಹತ್ತು ನಿಮಿಷ ಬೆವರಿಳಿಸಿದ್ಲು ಮಾರಾಯ. ಮೂವತ್ತು ವರ್ಷದಲ್ಲಿ ನನ್ನನ್ನೂ ಹಾಗೆ ಬೈದಿಲ್ಲ. ಬೇಡ ಕಣೇ ಅಂದ್ರೂ ಕೇಳ್ಲಿಲ್ಲ. ಆಮೇಲೆ ಹೀಗಾಯ್ತು."

"ನನ್ನ ತಮ್ಮ ಹಗಲೂ ರಾತ್ರಿ ಜೀವ ತೇಯ್ತಾನೆ," ಎಂದು ಅಕ್ಕ ಪಿಸುಗುಟ್ಟಿದಳು. "ಅವನ ಹೆಸರು ಕೆಡಿಸ್ತಾಳಾ ಅವಳು?"

"ಅವಳು ಏನಂದ್ಲು?" ಎಂದು ಇವನು ಕೇಳಿದ.

"ಏನಂತಾಳೆ?" ಎಂದಳು ಅಕ್ಕ. "ತಪ್ಪಾಯ್ತಮ್ಮ, ನಿಮಗೆ ಬೇಗ ಹುಷಾರಾಗ್ಲಿ ಅಂದ್ಲು. ಬೆಣ್ಣೆ ಹಚ್ಚೋದಕ್ಕೇನು ಕಮ್ಮಿಯಿಲ್ಲ."

ಅವನು ತೇವದ ದೀಪವನ್ನೇ ನೋಡುತ್ತ ಕೂತ. ಆ ದೀಪ ಆರಿದರೆ ಸಾಕು, ಏನೋ ಒಂದಿಷ್ಟು ಹಿಡಿದುಕೊಂಡು ಹೋಗಿಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಾಳೆಯಿಂದ ಅಕ್ಕ ಯಾರಿಗೂ ಫೋನು ಮಾಡುವುದಿಲ್ಲ. ಈ ಯೋಚನೆ ಬಂದ ಕೂಡಲೇ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಛೀ, ಅಕ್ಕನಿಗೆ ಮಾತು ನಿಲ್ಲುವುದು ತನಗೆ ಅನುಕೂಲ ಅನ್ನುವ ಮಟ್ಟಕ್ಕೆ ಇಳಿದೆನಲ್ಲ! ಅಕ್ಕ ಅವನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಅಕ್ಕ, ಟೇಪು ಸರಿಯಾಗೇ ಇತ್ತು. ನಾನೇ ಗುಂಡಿ ಒತ್ತಿರಲಿಲ್ಲ. ದೀಪ ಕುಣಿದಿದ್ದು ನೋಡಿ ಓಡ್ತಿದೆ ಅಂದ್ಕೊಂಡೆ. ಅವಳದೇನೂ ತಪ್ಪಿಲ್ಲ. ಸುಳ್ಳು ಹೇಳ್ದೆ."

ಅಕ್ಕ ಬೆವರು ಒರೆಸುತ್ತಿದ್ದ ಸೆರಗನ್ನು ಹಿಂದಕ್ಕೆಳೆದುಕೊಂಡಳು.

"ಗುಂಡಿ ಮರೆತಿದ್ದಕ್ಕೆ ನಾನು ನಿನ್ನ ಕೊಲ್ತಿದ್ನೇನೋ?" ಎಂದಳು. "ಬೆಳಿಗ್ಗೆ ಹೇಳಿದ್ರೆ ನಕ್ಕುಬಿಟ್ಟು ಇನ್ನೊಂದ್ಸಲ ಮಾತಾಡ್ತಿದ್ದೆ. ಬೆಳಿಗ್ಗೆ ದನಿ ಇತ್ತು ಕಣೋ."

ಅಕ್ಕ ಮಂಚದಿಂದ ಕಾಲು ಇಳಿಸಿ ಚಪ್ಪಲಿ ಹುಡುಕತೊಡಗಿದಳು.

"ಎಲ್ಲಿಗೆ?"

"ಫೋನಿಗೆ."

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಉಳಿದಿರೋದೇ ಇಷ್ಟು. ಮೊದಲು ಮಗುಗೆ ಹಿಡಿಯೋಣ. ಇನ್ನೇನು ದೀಪ ಆರುತ್ತೆ. ಅವಳ ಹತ್ರ ನಾನು ಸೋಮವಾರ ಮಾತಾಡ್ತೀನಿ."

"ಬೈದೋಳು ನಾನು. ಸೋಮವಾರ ನನಗೆಲ್ಲಿ ಬಾಯಿರುತ್ತೆ?"

ಕಾರಿಡಾರಿನ ಕೊನೆಗೆ ನರ್ಸುಗಳ ಮೇಜು, ಅದರ ಮೇಲೆ ಫೋನು. ಇವನೇ ನಂಬರು ತಿರುಗಿಸಿ ರಿಸೀವರನ್ನು ಅಕ್ಕನ ಕೈಗೆ ಕೊಟ್ಟ. "ಹಲೋ, ಟೇಪ್ ಲೈಬ್ರರಿ," ಎಂಬುದು ಇವನಿಗೂ ಕೇಳಿಸಿತು. ಅಕ್ಕ ಮಾತಾಡಿದಳು. "ಹಲೋ? ಯಾರು? ಏನೂ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ ಹೇಳಿ." ಅಕ್ಕ ಕುತ್ತಿಗೆಯ ನರ ಉಬ್ಬುವ ಹಾಗೆ ಇನ್ನೊಮ್ಮೆ ಪ್ರಯತ್ನಿಸಿದಳು. "ಕೇಳಿಸ್ತಿಲ್ಲ ರೀ."

ಅಕ್ಕ ರಿಸೀವರನ್ನು ಇವನ ಕೈಗೆ ತುರುಕಿ, ಇವನ ಇನ್ನೊಂದು ಕಿವಿಗೆ ಬಾಯಿ ಹಚ್ಚಿದಳು. "ನಾನು ಹೇಳ್ದ ಹಾಗೇ ಹೇಳು. ಒಂದಕ್ಷರ ಬಿಡಬೇಡ."

"ಹಲೋ," ಎಂದ. "ನಮ್ಮಕ್ಕ ಹೇಳ್ತಿದ್ದಾಳೆ..."

ಅಕ್ಕ ತೋಳು ಚಿವುಟಿದಳು. "'ನಾನು' ಅನ್ನು."

"ನಾನು... ಬೆಳಿಗ್ಗೆ ನಿಮ್ಮನ್ನ ಬೈದವಳು ನಾನು," ಎಂದ. ಇಬ್ಬರು ನರ್ಸುಗಳು ಬರೆಯುವುದನ್ನು ಬಿಟ್ಟು ತಲೆ ಎತ್ತಿದರು. "ತಪ್ಪು ನಿಮ್ಮದಲ್ಲ. ನನ್ನ ತಮ್ಮ ಸುಳ್ಳು ಹೇಳಿದ. ಅವನೇ ಗುಂಡಿ ಒತ್ತಿರಲಿಲ್ಲ. ತನ್ನ ಮಾನ ಉಳಿಸ್ಕೊಳ್ಳೋಕೆ ನಿಮ್ಮ ಮಾನ ಕಳೆದ." ಅಕ್ಕನ ಉಸಿರು ಕಿವಿಗೆ ಬಿಸಿಯಾಗಿ ಬಡಿಯುತ್ತಲೇ ಇತ್ತು, ನಿಲ್ಲುವ ಹಾಗಿರಲಿಲ್ಲ. "ಅವನನ್ನ ಎತ್ತಿ ಆಡಿಸಿ ಬೆಳೆಸಿದವಳು ನಾನು. ನನಗೆ ನಾಚಿಕೆ ಆಗ್ತಿದೆ. ನನ್ನನ್ನ ಕ್ಷಮಿಸಿಬಿಡಿ ತಾಯಿ."

"ಸಾರ್, ಅದು ಹೊಸ ಟೇಪು. ಪ್ಲಾಸ್ಟಿಕ್ಕು ನೀವೇ ಬಿಚ್ಚಿದ್ರಿ. ಏನಾಗಿರುತ್ತೆ ಅಂತ ನನಗೆ ಆಗಲೇ ಗೊತ್ತಾಯ್ತು," ಎಂದಳು ಲೇಬಲ್ಲಮ್ಮ. "ಆಪರೇಷನ್ನಿಗೆ ಹೊರಟವರ ಹತ್ರ ಏನು ವಾದ ಮಾಡೋದು ಅಂತ ಸುಮ್ಮನಾದೆ. ಅಕ್ಕನ ಕೈಲಿ ಇನ್ನು ಮಾತಾಡಿಸಬೇಡಿ. ಫೋನ್ ಇಡಿ, ಹೋಗಿ ರೆಕಾರ್ಡ್ ಮಾಡಿ."

ಕೋಣೆಗೆ ಬಂದಾಗ ತೇವದ ದೀಪ ಆರಿತ್ತು. ಹೊಸ ಟೇಪು ಹಾಕಿದ. ಕೆಂಪು ಒತ್ತಿದ, ಪ್ಲೇ ಒತ್ತಿದ. ಕೌಂಟರ್ ಓಡುವುದನ್ನು ಮೂರು ಸಲ ನೋಡಿದ. ಮೈಕನ್ನು ಅಕ್ಕನ ತುಟಿಗೆ ಎರಡೇ ಬೆರಳಿನ ದೂರದಲ್ಲಿ ಹಿಡಿದ. ಅಕ್ಕ ಬಾಯಿ ತೆರೆದಳು. ತುಟಿ ಆಡಿತು, ಉಸಿರು ಬಂತು. ಅವನು ಧ್ವನಿಯ ಲೆವೆಲ್ಲನ್ನು ಪೂರ್ತಿ ಏರಿಸಿದ. ಹೆಡ್‌ಫೋನಿನಲ್ಲಿ ಫ್ಯಾನಿನ ಗಿರಗಿರ ಒಂದೇ ಕೇಳುತ್ತಿತ್ತು. ಅಕ್ಕ ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಕೈಯಾಡಿಸಿ ಸಾಕು ಎಂದಳು.

"ಬಿಡೋ, ಅವಳಿಗೆ ಆಯಾಸ ಆಗಿದೆ," ಎಂದರು ಭಾವ, ಬಾಗಿಲ ಕಡೆ ಮುಖ ಮಾಡಿಕೊಂಡು.

ಅಷ್ಟರಲ್ಲಿ ಅಕ್ಕನ ಮಗಳು ಬಂದಳು. ಗಂಡನ ಊರಿನಿಂದ ಸಂಜೆಯ ಗಾಡಿಯಿಂದ ಇಳಿದು ನೇರ ಬಂದವಳು, ಏದುಸಿರು ಬಿಡುತ್ತಿದ್ದಳು. ಡೆಕ್ಕು ನೋಡಿ ಅವಳ ಮುಖ ಅರಳಿತು. "ಮಾವ, ಅಮ್ಮನ ದನಿ ಬಂತಾ?"

ಭಾವ ಏನೋ ಹೇಳಿ ತೇಲಿಸಲು ಹೊರಟರು. ಇವನು ಕೈಯಡ್ಡ ಹಿಡಿದ.

"ಇಲ್ಲಮ್ಮ. ನಿನ್ನೆ ಎಲ್ಲ ಹೇಳಿದ್ಲು, ನಾನು ಗುಂಡಿ ಒತ್ತಲಿಲ್ಲ. ಇವತ್ತು ದನಿ ಇತ್ತು, ಸುಳ್ಳು ಹೇಳಿ ಅದನ್ನೂ ಖರ್ಚು ಮಾಡಿಸ್ದೆ. ಏನೂ ಉಳಿದಿಲ್ಲ."

ಅವಳು ಬೈಯುತ್ತಾಳೆಂದು ಕಾದು ನಿಂತ. ಬೈದಿದ್ದರೆ ಚೆನ್ನಾಗಿತ್ತು. ಅವಳಿಗೆ ಅವನು ಹೇಳಿದ್ದು ತಲೆಗೇ ಹೋಗಲಿಲ್ಲವೇನೋ. ಮಂಚದ ಅಂಚಿನಲ್ಲಿ ಕಷ್ಟಪಟ್ಟು ಕೂತು, ಅಮ್ಮನ ಕೈ ಹಿಡಿದುಕೊಂಡಳು.

"ಅಮ್ಮಾ," ಎಂದಳು, "ಏನಾದ್ರೂ ಒಂದು ಮಾತಾಡೇ."