ಇಲ್ಲಿ ಯಾರೂ ತರಕಾರಿ ಮಾರಲ್ಲ

ಗಾಡಿಯಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ದರ್ಜಿಯ ಅಂಗಡಿಗೂ ಇಸ್ತ್ರಿಯವನ ಮೇಜಿಗೂ ನಡುವೆ, ಬೀದಿ ತಿರುಗುವ ಕಡೆ ಅವಳ ತಳ್ಳುಗಾಡಿ ನಿಲ್ಲುತ್ತಿತ್ತು. ಯಾರಾದರೂ ಟೊಮೆಟೊ ಒತ್ತಿ ನೋಡಿದರೆ ಕೈಮೇಲೆ ಪಟ್ಟನೆ ಏಟು ಬೀಳುತ್ತಿತ್ತು. "ಒತ್ತೋ ಆಸೆ ಇದ್ರೆ ಮನೆಗೆ ಹೋಗಿ ಗಂಡನ ಕಾಲು ಒತ್ತು" ಅನ್ನುತ್ತಿದ್ದಳು. ಚೌಕಾಶಿ ಮಾಡಿದವರ ಚೀಲಕ್ಕೆ ತಳದಲ್ಲಿ ಬಾಡಿ ಮಲಗಿದ್ದ ಬೀನ್ಸು, ಬಾಯಿ ಮುಚ್ಚಿಕೊಂಡು ಕೊಂಡವರಿಗೆ ಮೇಲಿನದು. ಇದೇ ನ್ಯಾಯ ಅಂತ ಅವಳು ಮನಸಾರೆ ನಂಬಿದ್ದಳು. ಜನಕ್ಕೂ ಬೇರೆ ದಾರಿ ಇರಲಿಲ್ಲ. ದೊಡ್ಡ ಮಾರುಕಟ್ಟೆಗೆ ಎರಡು ಬಸ್ಸು ಹಿಡಿಯಬೇಕು, ಹತ್ತಿರದ ಅಂಗಡಿಗಳಲ್ಲಿ ಬಿಸ್ಕತ್ತು, ಚಿಪ್ಸು, ಬಣ್ಣದ ಸೋಡಾ ಬಿಟ್ಟರೆ ಬೇರೇನೂ ಸಿಗದು. ಹಾಗಾಗಿ ಬೈಸಿಕೊಂಡೇ ತರಕಾರಿ ತಿನ್ನುತ್ತಿದ್ದರು.

ಅಷ್ಟು ಬೈಸಿಕೊಂಡರೂ ಒಂದು ವಿಷಯದಲ್ಲಿ ಬೀದಿಯೆಲ್ಲ ಅವಳ ಕಡೆಗಿತ್ತು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಕಂಕುಳಲ್ಲಿ ಫೈಲು ಇಟ್ಟುಕೊಂಡು ಯಾರಾದರೂ ತಿರುವಿಗೆ ಬಂದರೆ ಇಸ್ತ್ರಿಯವನು ಗಟ್ಟಿಯಾಗಿ ಕೆಮ್ಮುತ್ತಿದ್ದ. ಗಾಡಿಯ ಮೇಲೆ ಟಾರ್ಪಾಲು ಬೀಳುತ್ತಿತ್ತು. ಆಮೇಲೆ ಯಾರನ್ನು ಕೇಳಿದರೂ ಒಂದೇ ಉತ್ತರ: ಇಲ್ಲಿ ಯಾರೂ ಏನೂ ಮಾರಲ್ಲ. ಅವಳೂ ಅಷ್ಟೇ, ಇಸ್ತ್ರಿಯವನ ಮೇಜಿನ ವಿಷಯ ಬಂದರೆ "ಅದು ನಮ್ಮ ಮನೆ ಮೇಜು, ಬಿಸಿಲಿಗೆ ಹಾಕಿದ್ದೀವಿ" ಅಂತ ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು. ಹೀಗೆ ಎಷ್ಟೋ ಅಧಿಕಾರಿಗಳ ಕಣ್ಣಿಗೆ ಮಣ್ಣೆರಚಿ ಆ ತಿರುವು ಬದುಕಿಕೊಂಡಿತ್ತು.

ಮಳೆಗಾಲಕ್ಕೆ ಮುಂಚೆ ಒಬ್ಬ ಕನ್ನಡಕದ ಹುಡುಗಿ ಬಂದಳು. ಕೊರಳಲ್ಲಿ ಚೀಟಿ, ಕಂಕುಳಲ್ಲಿ ಫೈಲು. ಇಸ್ತ್ರಿಯವನು ಕೆಮ್ಮಿದ, ಟಾರ್ಪಾಲು ಬಿತ್ತು.

"ಈ ಬೀದೀಲಿ ತಾಜಾ ತರಕಾರಿ ಎಲ್ಲಿ ಸಿಗುತ್ತೆ?" ಹುಡುಗಿ ಕೇಳಿದಳು.

"ಎಲ್ಲೂ ಸಿಗಲ್ಲ ಮೇಡಂ," ಎಂದ ದರ್ಜಿ.

"ತರಕಾರಿ ಮುಖ ನೋಡಿ ಯಾವ ಕಾಲ ಆಯ್ತು," ಎಂದಳು ದರ್ಜಿಯ ಹೆಂಡತಿ. ಅವಳ ಕೈಲಿದ್ದ ಚೀಲದಿಂದ ಗಾಡಿಯಕ್ಕ ಆಗಷ್ಟೇ ತೂಗಿ ಕೊಟ್ಟ ಕ್ಯಾರೆಟ್ಟು ಇಣುಕುತ್ತಿತ್ತು.

ಹುಡುಗಿ ಗಾಡಿಯ ಕಡೆ ತಿರುಗಿ "ಇದೇನಮ್ಮ?" ಅಂದಾಗ ಗಾಡಿಯಕ್ಕ ಅಳುಮುಖ ಮಾಡಿದಳು. "ಮನೆ ಬದಲಾಯಿಸ್ತಾ ಇದ್ದೀನಿ ತಾಯಿ. ಪಾತ್ರೆ ಪಗಡೆ."

ಹುಡುಗಿ ತಲೆಯಾಡಿಸಿ ಹೋದಳು. ಅವಳು ಅತ್ತ ಹೋದದ್ದೇ ತಡ, ತಿರುವಿನಲ್ಲಿ ನಗುವೋ ನಗು. ಗಾಡಿಯಕ್ಕ ದರ್ಜಿಯ ಹೆಂಡತಿಗೆ ಒಂದು ಹಿಡಿ ಕೊತ್ತಂಬರಿ ಪುಕ್ಕಟೆ ಕೊಟ್ಟಳು, ಜನ್ಮದಲ್ಲಿ ಮೊದಲ ಸಲ.

ಆ ಹುಡುಗಿ ಗಾಡಿ ಎತ್ತಿಸುವ ಇಲಾಖೆಯವಳಲ್ಲ, ಬಡಾವಣೆಯ ಆರೋಗ್ಯ ಸಂಘದವಳು ಅಂತ ಗೊತ್ತಾದದ್ದು ಹಸಿರು ವ್ಯಾನು ಬಂದು ನಿಂತಾಗ. ತರಕಾರಿ ಸಿಗದ ಬೀದಿಗಳಿಗೆ ಸಂಘದವರು ತೋಟದಿಂದ ನೇರ ತಂದು ಅಗ್ಗಕ್ಕೆ ಕೊಡುತ್ತಾರಂತೆ. ವ್ಯಾನಿನ ಪಕ್ಕೆ ತೆರೆದುಕೊಂಡಿತು, ಬುಟ್ಟಿಗಳು ಸಾಲಾಗಿ ಕೂತವು. ಜನ ತಾವೇ ಆರಿಸಿಕೊಳ್ಳಬಹುದು, ಎಷ್ಟು ಬೇಕಾದರೂ ಒತ್ತಬಹುದು. ದರ್ಜಿಯ ಹೆಂಡತಿ ಅಂದು ಒಂದೊಂದು ಟೊಮೆಟೊವನ್ನೂ ಒತ್ತಿದಳು, ಗಾಡಿಯಕ್ಕನ ಮುಖ ನೋಡಿಕೊಂಡೇ ಒತ್ತಿದಳು.

ಅಲ್ಲಿಂದ ಗಾಡಿಯಕ್ಕನ ವ್ಯಾಪಾರ ನೆಲ ಕಚ್ಚಿತು. ತಂದದ್ದು ತಂದಂತೆ ಕೊಳೆಯಿತು. ಎದುರಿಗೆ ಸಿಕ್ಕಿದವರಿಗೆಲ್ಲ ಶಾಪ ಹಾಕಿದಳು. ವ್ಯಾನಿನ ಚಕ್ರದ ಮುಂದೆ ಕೊಳೆತ ಎಲೆಕೋಸು ಸುರಿದಳು. ಮೊದಲಾದರೆ ಹೆದರುತ್ತಿದ್ದ ಜನ ಈಗ ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತಿದ್ದರು. ಕೊನೆಗೆ ಮಾಲು ತರುವುದನ್ನೇ ನಿಲ್ಲಿಸಿದಳು. ಖಾಲಿ ಗಾಡಿಯನ್ನು ಮಾತ್ರ ದಿನಾ ತಂದು ನಿಲ್ಲಿಸುತ್ತಿದ್ದಳು, ಜಾಗ ಬಿಟ್ಟರೆ ಹೋಯಿತು ಅಂತ. ಮನೆಯಲ್ಲಿ ಮಂಡಿ ನೋವಿನ ತಂಗಿ ಒಬ್ಬಳಿದ್ದಳು, ಅವಳಿಗೂ ಇವಳ ದುಡಿಮೆಯೇ ಗತಿ.

"ವ್ಯಾನಿಗೆ ಬೈದ್ರೆ ಅದಕ್ಕೇನು ಕಿವಿ ಇದ್ಯಾ?" ಎಂದಳು ತಂಗಿ. "ಆ ಹುಡುಗೀನೇ ಕೇಳು. ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ ಅಂತ ಕೇಳು."

ಕೇಳಿದಳು. ವ್ಯಾನಿನ ಮುಂದೆ ಸಾಲು ನಿಂತಿದ್ದ ಹೊತ್ತಲ್ಲೇ, ಎಲ್ಲರ ಎದುರಿಗೆ, ಸೊಂಟಕ್ಕೆ ಕೈಕೊಟ್ಟು ಕೇಳಿದಳು.

ಹುಡುಗಿ ಜಗಳಕ್ಕೆ ಬರಲಿಲ್ಲ. "ನಮ್ಮಲ್ಲಿ ಒಂದು ನಿಯಮ ಇದೆ ಅಮ್ಮ," ಎಂದಳು. "ಬೀದೀಲಿ ಮೊದಲೇ ತರಕಾರಿ ಮಾರೋರಿದ್ರೆ ನಾವು ವ್ಯಾನ್ ನಿಲ್ಸಲ್ಲ. ಇದೇ ಮಾಲನ್ನ ಅವರಿಗೇ ಕೊಟ್ಟು, ಇದೇ ರೇಟಿಗೆ ಅವರ ಕೈಲೇ ಮಾರಿಸ್ತೀವಿ. ಕಮಿಷನ್ನೂ ಅವರಿಗೇ. ಅದಕ್ಕೇ ಅಲ್ವಾ ಮೊದಲು ಬಂದು ಎಲ್ಲರನ್ನೂ ಕೇಳಿದ್ದು."

ಗಾಡಿಯಕ್ಕ ವ್ಯಾನಿನ ಕಡೆ ತಿರುಗಿ ನೋಡಿದಳು. ಈ ಬುಟ್ಟಿಗಳೆಲ್ಲ ಅವಳ ಗಾಡಿಯ ಮೇಲಿರಬೇಕಿತ್ತು. "ನಾನು ಇಲ್ಲಿ ಮಾರ್ತಿದ್ದೆ," ಎಂದಳು. "ವರ್ಷಗಟ್ಟಲೆಯಿಂದ ಮಾರ್ತಿದ್ದೆ."

"ಅವತ್ತು ಮನೆ ಬದಲಾಯಿಸ್ತಿದ್ದೀನಿ ಅಂದ್ರಲ್ಲ?"

"ಸುಳ್ಳು ಹೇಳ್ದೆ ತಾಯಿ. ನೀನು ಗಾಡಿ ಎತ್ತಿಸೋಕೆ ಬಂದಿದ್ದೀಯ ಅಂದ್ಕೊಂಡು ಹೇಳ್ದೆ. ಇವರೂ ಹಂಗೇ ಹೇಳಿದ್ರು. ಕೇಳು ಇವರನ್ನ."

ಹುಡುಗಿ ಖಾಲಿ ಗಾಡಿಯನ್ನು ನೋಡಿದಳು, ಆಮೇಲೆ ಸಾಲನ್ನು. "ಯಾರಾದ್ರೂ ಇಬ್ಬರು ಹೌದು ಅಂದ್ರೆ ಸಾಕು, ನಾಳೆಯಿಂದ ಮಾಲು ಇವರಿಗೇ ಇಳಿಸ್ತೀವಿ. ಇವರು ಇಲ್ಲಿ ತರಕಾರಿ ಮಾರ್ತಿದ್ರಾ?"

ಸಾಲಿನಲ್ಲಿ ನಿಂತವರು ಬುಟ್ಟಿಗಳನ್ನು ನೋಡಿದರು. ಈ ಮಾಲೆಲ್ಲ ಮತ್ತೆ ಗಾಡಿಯಕ್ಕನ ಕೈಗೆ ಹೋದರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದರ್ಜಿ ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿದ.

"ನಾನಂತೂ ನೋಡಿಲ್ಲಪ್ಪ," ಎಂದಳು ದರ್ಜಿಯ ಹೆಂಡತಿ.

ಗಾಡಿಯಕ್ಕ ಇಸ್ತ್ರಿಯವನ ಕಡೆ ತಿರುಗಿದಳು. ಅವನು ಅಂಗಿಯ ತೋಳಿನ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸುತ್ತಲೇ ಇದ್ದ. ಬೀದಿಬದಿಯಲ್ಲಿ ಗಾಡಿ ಇತ್ತು ಅಂತ ಫೈಲಿನವರಿಗೆ ಒಪ್ಪಿಕೊಂಡರೆ ಪಕ್ಕದ ಮೇಜು ಯಾರದು ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ಅವನು ಕತ್ತೆತ್ತಲಿಲ್ಲ.

"ಇಲ್ಲಿ ಯಾರೂ ತರಕಾರಿ ಮಾರಲ್ಲ ಮೇಡಂ," ಎಂದ. ತಡವರಿಸದೆ ಹೇಳಿದ. ರೂಢಿಯಾಗಿದ್ದ ಮಾತು.

ಹುಡುಗಿಗೆ ಅಯ್ಯೋ ಅನಿಸಿತೋ ಏನೋ, ಒಂದು ಪಾಲಕ್ ಕಟ್ಟು ತೆಗೆದು ಗಾಡಿಯಕ್ಕನ ಕೈಗಿಟ್ಟಳು. "ಪರವಾಗಿಲ್ಲ ಅಮ್ಮ, ದುಡ್ಡು ಬೇಡ. ಕಷ್ಟದಲ್ಲಿರೋರಿಗೆ ಅಂತಾನೇ ಸ್ವಲ್ಪ ತೆಗೆದಿಟ್ಟಿರ್ತೀವಿ."

ಸೊಪ್ಪು ಕೈಗೆ ಬಂದ ಮೇಲೆ ಬೆರಳು ಸುಮ್ಮನಿರುತ್ತವೆಯೇ? ಕಟ್ಟು ಬಿಡಿಸಿ, ಎಲೆ ತಿರುವಿ, ದಂಟು ಮುರಿದು ನೋಡಿದಳು. ಹುಳುಕಿಲ್ಲ, ಹಳದಿ ಎಲೆಯಿಲ್ಲ, ಬುಡದ ಮಣ್ಣು ಇನ್ನೂ ಹಸಿ. ಒಂದೇ ಒಂದು ಕೊಂಕು ಸಿಕ್ಕಿದ್ದರೂ ಅದನ್ನು ಆ ಹುಡುಗಿಯ ಮುಖಕ್ಕೆ ಎಸೆದು ಹೋಗಬಹುದಿತ್ತು. ಮನೆಯಲ್ಲಿ ಒಲೆಯ ಮೇಲಿಡಲು ಬೇರೇನೂ ಇರಲಿಲ್ಲ. ಸೊಪ್ಪನ್ನು ಮತ್ತೆ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು.

ಆಮೇಲೆ ಇಸ್ತ್ರಿಯವನ ಮೇಜಿನ ಹತ್ತಿರ ಹೋಗಿ, ಹುಡುಗಿಗೂ ಕೇಳುವಷ್ಟು ಗಟ್ಟಿಯಾಗಿ, ಅದರ ಮೇಲೆ ಅಂಗೈ ಬಡಿದಳು.

"ಮೇಡಂ, ಬರ್ಕೊಳ್ಳಿ," ಎಂದಳು. "ಈ ಮೇಜು ನಮ್ಮ ಮನೇದಲ್ಲ."