ಹನ್ನೊಂದು ಸಾಲು ಸಪೆರಾವಿ

ಇಲ್ಲ, ಮಳೆಯ ನೀರಾಗಿರಲಾರದು. ಮಳೆ ಸೋರಿದ್ದರೆ ನೆಲವೆಲ್ಲ ಒದ್ದೆಯಾಗಬೇಕಿತ್ತು, ಗುಡಾಣದ ಬಾಯಿಯ ಮೇಲಿನ ಮಣ್ಣು ಮಾತ್ರವಲ್ಲ. ಹಾಗಾದರೆ ಯಾರೋ ಕೈ ಹಾಕಿದ್ದಾರೆ. ಕೈ ಹಾಕಿದವರು ಮೇಲೆ ಮಾತ್ರ ಹಾಕಿದರೋ, ಮುಚ್ಚಳ ಸರಿಸಿ ಒಳಗೂ ಹಾಕಿದರೋ?

ಶಿಯೋ ಮರಾನಿಯ ಬಾಗಿಲಿಗೆ ಒರಗಿ ನಿಂತು ಇದನ್ನೇ ಮತ್ತೆ ಯೋಚಿಸಿದ. ಹತ್ತೊಂಬತ್ತು ದಿನಗಳಿಂದ ಇದೇ ಯೋಚನೆ. ವೈನು ಮಾಡುವ ಆ ತಂಪು ಕೋಣೆಯ ನೆಲದೊಳಗೆ, ಕುತ್ತಿಗೆಯವರೆಗೂ ಹೂತುಹೋಗಿ, ಅವನ ತಾತನ ಕಾಲದ ಗುಡಾಣ ಕುಳಿತಿತ್ತು. ಅದರೊಳಗೆ ಹೋದ ಶರತ್ಕಾಲದ ಸಪೆರಾವಿ ದ್ರಾಕ್ಷಿಯ ವೈನು. ಬಾಯಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮೆತ್ತಿದ ಜೇಡಿಮಣ್ಣು. ಆ ಮಣ್ಣು ಚಳಿಗಾಲದುದ್ದಕ್ಕೂ ಹಸಿಯಾಗಿರಬೇಕು. ಮೂರು ದಿನಕ್ಕೊಮ್ಮೆ ನೀರು ಚಿಮುಕಿಸದಿದ್ದರೆ ಒಣಗಿ ಬಿರಿಯುತ್ತದೆ, ಬಿರುಕಿನಲ್ಲಿ ಗಾಳಿ ಇಳಿಯುತ್ತದೆ, ಗಾಳಿ ಇಳಿದರೆ ವೈನು ಹುಳಿನೀರಾಗುತ್ತದೆ. ದ್ರಾಕ್ಷಿಯನ್ನೇ ನಂಬಿದ ಕಖೇತಿ ಸೀಮೆಯಲ್ಲಿ ಇದು ಐದು ವರ್ಷದ ಮಗುವಿಗೂ ಗೊತ್ತು.

ಗೊತ್ತಿದ್ದೂ ಶಿಯೋ ಯಾರಿಗೂ ಹೇಳದೆ ಹೋಗಿದ್ದ. ಫೆಬ್ರವರಿಯ ಕೊನೆಯಲ್ಲಿ ಎದೆಯಲ್ಲಿ ಕಫ ಕಟ್ಟಿ, ಜ್ವರದಲ್ಲಿ ತೊದಲುತ್ತಿದ್ದವನನ್ನು ಹೆಂಡತಿ ಲಮಾರಾ ಟಿಬಿಲಿಸಿಯ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ನಲವತ್ತು ದಿನ. ಕಣ್ಣು ಬಿಟ್ಟ ಮೊದಲ ದಿನವೇ ಮಣ್ಣಿನ ನೆನಪಾಯಿತು. ಊರಿಗೊಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮರಾನಿಗೆ ತೀರ ಹತ್ತಿರದ ಮನೆ ಚಿಕ್ಕಪ್ಪನ ಮಗ ರೇವಾಜನದು. ಅವನನ್ನು ಕೇಳುವುದು ಹೇಗೆ? ಶಿಯೋ ಮಾತಿಗೆ ಹಿಂಜರಿಯುವವನು. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಇತಿಹಾಸ ಓದಿ ಬಂದವನಿಗೆ ಸುಲಭದ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ರೇವಾಜನೊಡನೆ ಆಡಬೇಕಾದದ್ದು ಸುಲಭದ ಮಾತೂ ಆಗಿರಲಿಲ್ಲ.

ದಿಬ್ಬದ ಮೇಲಿನ ಹನ್ನೊಂದು ಸಾಲು ಸಪೆರಾವಿ ಬಳ್ಳಿ ಇಬ್ಬರಿಗೂ ಸೇರಿದ್ದು. ಅವನ್ನು ಕಿತ್ತು, ಎರಡು ಪಟ್ಟು ಇಳುವರಿ ಕೊಡುವ ಬಿಳಿ ದ್ರಾಕ್ಷಿ ನೆಡೋಣ ಎಂದು ರೇವಾಜ ಮೂರು ವರ್ಷಗಳಿಂದ ಹಟ ಹಿಡಿದಿದ್ದ. ಹೋದ ಸುಗ್ಗಿಯಲ್ಲಿ, ಊರಿನವರೆಲ್ಲ ದ್ರಾಕ್ಷಿ ತುಳಿಯುತ್ತಿದ್ದಾಗ, ಶಿಯೋ ಇದ್ದಕ್ಕಿದ್ದಂತೆ ಹೇಳಿಬಿಟ್ಟ: "ಈ ಸಲದ ವೈನನ್ನ ಇಲಿಕೋ ದೊಡ್ಡಪ್ಪ ಕುಡೀಲಿ. ಅವರು ಮೆಚ್ಚದೆ ನೆಲಕ್ಕೆ ಚೆಲ್ಲಿದರೆ ನಾನೇ ಕೈಯಾರೆ ಬಳ್ಳಿ ಕೀಳ್ತೀನಿ." ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಕೇಳಿ ತುಳಿಯುತ್ತಿದ್ದವರ ಕಾಲು ನಿಂತುಹೋಗಿದ್ದವು.

ಆಸ್ಪತ್ರೆಯಿಂದ ಬಂದವನು ಬಿರುಕುಗಳನ್ನು ನೋಡುವ ಧೈರ್ಯ ಮಾಡಿಕೊಂಡೇ ಬಾಗಿಲು ತೆರೆದಿದ್ದ. ಬಿರುಕಿರಲಿಲ್ಲ. ಮಣ್ಣು ಮೆತ್ತಗೆ, ಅಂಗೈಯಿಂದ ಸವರಿದಂತೆ ನುಣ್ಣಗೆ ಇತ್ತು. ಅದೇ ಅವನ ನಿದ್ದೆ ಕೆಡಿಸಿದ್ದು. ವೈನು ಕೆಟ್ಟರೆ ಗೆಲ್ಲುವವನು ರೇವಾಜ ಒಬ್ಬನೇ. ತೆರೆದು, ಕೆಡಿಸಿ, ಹೊಸ ಮಣ್ಣು ಮೆತ್ತಲು ಅವನಿಗೆ ನಲವತ್ತು ದಿನ ಸಿಕ್ಕಿತ್ತು. ಮಣ್ಣು ಒಡೆದು ನೋಡುವಂತೆಯೂ ಇಲ್ಲ. ಒಮ್ಮೆ ಬಾಯಿ ತೆರೆದ ಗುಡಾಣ ಮತ್ತೆ ಕಾಯುವುದಿಲ್ಲ.

"ಏನೋ ಶಿಯೋ, ತೆಗೀತೀಯೋ, ಇಲ್ಲ ಅದರ ಮುಂದೆ ನಿಂತು ಜಪ ಮಾಡ್ತೀಯೋ?"

ಗುಡಾಣ ತೆರೆಯುವ ದಿನ ಇವತ್ತು; ಇಲಿಕೋ ಬಂದಾಗಿತ್ತು. ಎಂಬತ್ತು ದಾಟಿದ ಮುದುಕ. ಊರಿನ ಯಾವ ಔತಣದಲ್ಲೂ ತಮದಾ ಅವನೇ. ಅವನು ಬಟ್ಟಲೆತ್ತಿ ನಾಲ್ಕು ಮಾತಾಡದೆ ಯಾರೂ ಒಂದು ಗುಟುಕು ಕುಡಿಯುವಂತಿಲ್ಲ. ಅವನ ಹಿಂದೆ ಊರಿನ ಹತ್ತಿಪ್ಪತ್ತು ಜನ. ಅಂಗಳದಲ್ಲಿ ಒಣಬಳ್ಳಿಯ ಕೆಂಡದ ಮೇಲೆ ಮಾಂಸ ಸುಡುತ್ತಿತ್ತು.

"ಬಿಡಿ ದೊಡ್ಡಪ್ಪ," ಲಮಾರಾ ರೊಟ್ಟಿಯ ಬುಟ್ಟಿ ಹೊತ್ತು ಹೋಗುತ್ತಾ ಹೇಳಿದಳು. "ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಇವರು ಎರಡು ವರ್ಷ ಹೀಗೇ ನಿಂತಿದ್ರು. ಕೊನೆಗೆ ನಾನೇ ಕೇಳಿದೆ."

ಎಲ್ಲರೂ ನಕ್ಕರು. ರೇವಾಜ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಒಳಗೆ ಬಂದ. ದೊಡ್ಡ ಭುಜ, ಬಿಸಿಲಿಗೆ ಸುಟ್ಟ ಕುತ್ತಿಗೆ.

"ನಾನು ತಯಾರಾಗೇ ಬಂದಿದೀನಪ್ಪ. ಮಣ್ಣು ಕೆರೆಯೋಕೂ ಇದೇ, ಬಳ್ಳಿ ಕೀಳೋಕೂ ಇದೇ."

ಶಿಯೋ ಅವನ ಮುಖ ನೋಡಲಿಲ್ಲ. ಮಂಡಿಯೂರಿ ಕೈಯಿಂದಲೇ ಮಣ್ಣು ತೆಗೆಯತೊಡಗಿದ. ಚಪ್ಪಡಿಯ ಅಂಚು ಕಂಡಿತು. ಇಬ್ಬರು ಸೇರಿ ಅದನ್ನೆತ್ತಿದರು. ಶಿಯೋ ಕಣ್ಣು ಮುಚ್ಚಿ ಮೂಗನ್ನು ಗುಡಾಣದ ಬಾಯಿಯ ಮೇಲೆ ತಂದ.

ಹುಳಿನೀರಿನ ಘಾಟು ಮೂಗಿಗೆ ಹೊಡೆಯಲಿಲ್ಲ. ಮಾಗಿದ ಹಿಪ್ಪುನೇರಳೆಯ ವಾಸನೆ ಬಂತು, ಅದರ ಹಿಂದೆ ಒದ್ದೆ ಕಲ್ಲಿನದು, ಅದಕ್ಕೂ ಹಿಂದೆ ಎಲ್ಲೋ ಹೊಗೆಯದು. ಉದ್ದ ಹಿಡಿಯ ಸೋರೆಬುರುಡೆಯನ್ನು ಇಳಿಸಿ ಎತ್ತಿದ. ಮಣ್ಣಿನ ಬಟ್ಟಲಿಗೆ ಸುರಿದಾಗ ವೈನು ಕಪ್ಪಗಿತ್ತು; ಬಾಗಿಲ ಬೆಳಕಿಗೆ ಓರೆ ಹಿಡಿದರೆ ಅಂಚಿನಲ್ಲಿ ಮಾತ್ರ ಕೆಂಪು. ಮೊದಲ ಗುಟುಕು ಮನೆಯವನದು. ಕುಡಿದ. ನಾಲಗೆಯ ಎರಡೂ ಬದಿಯನ್ನು ಹಿಡಿದು ಒರಟಾಗಿ ಜಗ್ಗಿತು, ಆಮೇಲೆ ಹುಳಿ ಚುರುಕಾಗಿ ಎದ್ದಿತು. ಒರಟೂ ಹುಳಿಯೂ ಒಂದನ್ನೊಂದು ತಬ್ಬಿಕೊಂಡು ಗಂಟಲಿಗಿಳಿದ ಮೇಲೂ ಹಣ್ಣಿನ ರುಚಿ ಬಾಯಲ್ಲಿ ಉಳಿದುಕೊಂಡಿತು. ಆದರೆ ತೀರ್ಪು ಅವನದಲ್ಲ.

ಇಲಿಕೋ ಬಟ್ಟಲು ತೆಗೆದುಕೊಂಡು ಮರಾನಿಯ ಹೊಸ್ತಿಲಲ್ಲಿ ನಿಂತ. ಒಂದು ಗುಟುಕು. ಬಾಯಲ್ಲಿ ಹೊರಳಿಸಿ ಗೋಡೆ ನೋಡಿದ. ಎರಡನೆಯದು. ಅಂಗಳದಲ್ಲಿ ಮಾಂಸದ ಕೊಬ್ಬು ಕೆಂಡಕ್ಕೆ ಬಿದ್ದು ಚುರ್ ಎಂದಿತು. ಮುದುಕ ತಲೆ ಹಿಂದಕ್ಕೆ ಬಾಗಿಸಿ, ಗಂಟಲಿನ ಉಬ್ಬು ಮೇಲೆ ಕೆಳಗೆ ಆಡುತ್ತಿರುವಂತೆ, ಪೂರ್ತಿ ಕುಡಿದ. ಆಮೇಲೆ ಬಟ್ಟಲನ್ನು ಶಿಯೋನ ಮೂಗಿನ ಮುಂದೆ ಹಿಡಿದ.

"ಇದರಲ್ಲಿ ತೂತಿದೆಯೇನೋ ನೋಡು ಮಗನೇ. ಈಗಿನ್ನೂ ತುಂಬಿತ್ತು, ಖಾಲಿಯಾಗ್ಬಿಟ್ಟಿದೆ!"

ಮರಾನಿಯ ಸೂರು ಹಾರಿಹೋಗುವಂತೆ ಜನ ಕೂಗಿದರು. ಯಾರೋ ಶಿಯೋನ ಬೆನ್ನಿಗೆ ಗುದ್ದಿದರು, ಯಾರೋ ಕೆನ್ನೆಗೆ ಮುತ್ತಿಟ್ಟರು. ಲಮಾರಾ ಬುಟ್ಟಿಯನ್ನು ನೆಲಕ್ಕಿಟ್ಟು, ಸೆರಗಿನಂಥ ತನ್ನ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡು, "ಹೊಗೆ, ಹೊಗೆ" ಎಂದಳು.

ರೇವಾಜ ತಾನೇ ಬುರುಡೆ ಇಳಿಸಿ ಒಂದು ಬಟ್ಟಲು ತುಂಬಿಕೊಂಡ. ನಿಧಾನವಾಗಿ ಕುಡಿದ. ತುಟಿ ಒರೆಸಿದ ಅಂಗೈ ನೇರಳೆಯಾಯಿತು. ಗುದ್ದಲಿಯನ್ನು ಮೂಲೆಗೆಸೆದ.

"ಹಾಳಾಗಿ ಹೋಗ್ಲಿ, ಸೋತೆ. ಈ ಬಳ್ಳಿ ಇರೋವರೆಗೂ ನಾನು ಬಿಳಿ ದ್ರಾಕ್ಷಿ ಅಂದ್ರೆ ನನ್ನ ನಾಲಗೆ ಕಿತ್ತುಬಿಡು." ಆಮೇಲೆ ಗುಡಾಣದ ಕಡೆ ಬಾಗಿ, ಎಲ್ಲರ ಗದ್ದಲದ ನಡುವೆ, ಹವಾಮಾನದ ಬಗ್ಗೆ ಹೇಳುವವನಂತೆ ಹೇಳಿದ: "ಬಾಗಿಲ ಕಡೆ ಮಣ್ಣು ಬೇಗ ಒಣಗತ್ತೆ ಕಣೋ. ಮಾರ್ಚಿನ ಗಾಳಿಗೆ ದಿನಾ ನೀರು ಹಾಕಬೇಕಾಯ್ತು. ಮುಂದಿನ ವರ್ಷ ಅಲ್ಲೊಂದು ಗೋಣಿ ಹೊದಿಸು."

ಶಿಯೋ ಅವನನ್ನೇ ನೋಡಿದ. ಅಷ್ಟು ಹೊತ್ತಿಗೆ ರೇವಾಜ ಮಾಂಸ ಸುಡುವವನ ಹತ್ತಿರ ಹೋಗಿ, ಉಪ್ಪು ಸಾಲದೆಂದು ಬಯ್ಯುತ್ತಿದ್ದ.

ಮೇಜಿನ ಸುತ್ತ ಎಲ್ಲರೂ ಕೂತ ಮೇಲೆ ಇಲಿಕೋ ಎದ್ದ. "ಈ ಹುಡುಗನ ಅಪ್ಪನಿಗೆ! ಕುಡಿತ ಬಿಡಿಸೋಕೆ ಬಳ್ಳಿ ಕೀಳಿಸಿ ಅಂತ ಮಾಸ್ಕೋದಿಂದ ಹುಕುಂ ಬಂದ ವರ್ಷ, ಅಧಿಕಾರಿ ಕೊಡಲಿ ಹಿಡಿದು ದಿಬ್ಬಕ್ಕೆ ಬಂದ. ಇವನಪ್ಪ ಏನಂದ ಗೊತ್ತಾ? 'ಸ್ವಾಮಿ, ಇದು ಕುಡಿಯೋಕಲ್ಲ, ಉಣ್ಣೆಗೆ ಬಣ್ಣ ಹಾಕೋಕೆ. ಸಪೆರಾವಿ ಅನ್ನೋ ಹೆಸರಿನ ಅರ್ಥವೇ ಬಣ್ಣ ಅಲ್ವಾ!' ಒಂದು ಹಣ್ಣು ಕಿವುಚಿ ಅಧಿಕಾರಿಯ ಬಿಳಿ ಅಂಗಿಗೆ ಒರೆಸೇಬಿಟ್ಟ. ಆ ಕಲೆ ನೋಡಿ ಅವನು ನಂಬಿ ಹೋದ!"

ನಗು ನಿಂತ ಮೇಲೆ ಮುದುಕ ಮಾತನ್ನು ಶಿಯೋನಿಗೆ ದಾಟಿಸಿದ. ತಮದಾ ದಾಟಿಸಿದ ಮಾತನ್ನು ಬೇಡವೆನ್ನುವಂತಿಲ್ಲ. ಶಿಯೋ ಎದ್ದು ನಿಂತ. ಬೇರೆ ದ್ರಾಕ್ಷಿಗಳಿಗೆ ಸಿಪ್ಪೆಯಲ್ಲಷ್ಟೇ ಬಣ್ಣ, ಇದಕ್ಕೆ ತಿರುಳಿನಲ್ಲೂ ಇದೆ ಎಂದ. ಈ ಕಣಿವೆಗೆ ಕುದುರೆ ಏರಿ ಬಂದವರು, ರೈಲಿನಲ್ಲಿ ಬಂದವರು ಎಲ್ಲರೂ ಹೋದರು, ಇದು ಉಳಿಯಿತು ಎಂದ. ತಾತನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ. ದನಿ ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಬಟ್ಟಲನ್ನು ರೇವಾಜನ ಕಡೆ ಎತ್ತಿ, "ನನ್ನ ತಮ್ಮನಿಗೆ!" ಎಂದ. "ಗೌಮಾರ್ಜೋಸ್, ಜಯವಾಗಲಿ!" ಎಂದು ಮೇಜಿಗೆ ಮೇಜೇ ಎದ್ದು ನಿಂತು ಕೂಗಿತು. ರೇವಾಜ ನೇರಳೆ ಹಲ್ಲು ತೋರಿಸಿ ನಕ್ಕು ಒಂದೇ ಉಸಿರಿಗೆ ಕುಡಿದ.

ಹತ್ತೊಂಬತ್ತು ದಿನ ನಿನ್ನನ್ನು ವೈನು ಕೆಡಿಸಿದವನೆಂದುಕೊಂಡಿದ್ದೆ ಎಂದು ಶಿಯೋ ಅವನಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.